ಬಳ್ಳಾರಿಯ ಹಿತ್ತಲಿಗೊಂದು ಹೊತ್ತಗೆ

ಬಳ್ಳಾರಿ ಕಡೆ ಕೈತೋಟ ಮಾಡುವವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಗಳಲ್ಲಿ ಕರಿಬೇವಿನದು ತಪ್ಪದೆ ಬರುತ್ತದೆ: ಗಿಡ ಹಳದಿಯಾಗುತ್ತಿದೆ, ಏನು ಹಾಕಬೇಕು? ಉತ್ತರಗಳಿಗೆ ಬರವಿಲ್ಲ. ಹುಳಿ ಮಜ್ಜಿಗೆ ಹಾಕಿ ಎನ್ನುವವರಿದ್ದಾರೆ, ಯೂರಿಯಾ ಹಾಕಿ ಎನ್ನುವವರಿದ್ದಾರೆ, ನೀರು ಹೆಚ್ಚು ಬಿಡಿ ಎನ್ನುವವರೂ ಇದ್ದಾರೆ. ಆದರೆ ಮೊದಲು ನೋಡಬೇಕಾದದ್ದು ಯಾವ ಎಲೆ ಹಳದಿಯಾಗಿದೆ ಎಂಬುದನ್ನು. ಕೆಳಗಿನ ಹಳೆಯ ಎಲೆ ಪೂರ್ತಿ ಬಣ್ಣಗೆಟ್ಟು ಉದುರುತ್ತಿದ್ದರೆ ಸಾರಜನಕ ಸಾಲುತ್ತಿಲ್ಲ. ಮೇಲಿನ ಚಿಗುರು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಮಣ್ಣು ಒದ್ದೆಯಿದ್ದೂ ಗಿಡ ಸೊರಗಿದ್ದರೆ ಬೇರಿಗೆ ಉಸಿರಿಲ್ಲ. ಎಲೆಯ ಅಡಿಯಲ್ಲಿ ಸಣ್ಣ ಬಲೆ, ಮೇಲೆ ಬಿಳಿ ಚುಕ್ಕಿ ಇದ್ದರೆ ನುಸಿ. ಇವುಗಳಲ್ಲಿ ಎರಡನೆಯದು ನಮ್ಮ ನೆಲದ ಕಾಯಿಲೆ. ಎರೆ ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಸುಣ್ಣದಂಶ ಹೆಚ್ಚಿರುವುದರಿಂದ ಇದ್ದ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದರೆ ಮುಂದಿನ ಚಿಗುರು ಹಸಿರಾಗಿ ಬರುತ್ತದೆ. ಯೂರಿಯಾ ಹಾಕಿದರೆ ಬರುವುದಿಲ್ಲ.

ಮನೆಯ ತೋಟಕ್ಕೆ ಸಮಗ್ರವಾದ ಆಕರ ಪುಸ್ತಕ ಯಾಕೆ ಬೇಕು ಎಂಬುದಕ್ಕೆ ನಾನು ಕೊಡುವ ಕಾರಣ ಇದೇ. ಬಿಡಿ ಸಲಹೆಗೆ ಒಂದು ಗಿಡ ಮಾತ್ರ ಕಾಣುತ್ತದೆ. ಮಣ್ಣು, ನೀರು, ಬಿಸಿಲು, ಗೊಬ್ಬರ, ಕೀಟ ಇಷ್ಟೂ ಒಂದನ್ನೊಂದು ಹೇಗೆ ಎಳೆಯುತ್ತವೆ ಎಂಬುದನ್ನು ಒಂದೇ ಕಡೆ ಇಡಬಲ್ಲದ್ದು ಪುಸ್ತಕ. ಕನ್ನಡಕ್ಕೆ ಇಂಥ ಪುಸ್ತಕದ ಪರಂಪರೆ ಹೊಸದಲ್ಲ. ಆದರೆ ಅದು ಬೆಳೆದು ಬಂದ ದಾರಿಯನ್ನು ಬಳ್ಳಾರಿಯಿಂದ ನೋಡಿದರೆ ನಡುವೆ ಒಂದು ದೊಡ್ಡ ಜಾಗ ಖಾಲಿ ಬಿದ್ದಿರುವುದು ಕಾಣುತ್ತದೆ.

ಬರವಣಿಗೆಗಿಂತ ಬಹಳ ಹಿಂದೆ ನೆಟ್ಟು ಬೆಳೆದವರ ಗುರುತು ಊರಂಚಿನ ಸಂಗನಕಲ್ಲಿನಲ್ಲೇ ಇದೆ. ನವಶಿಲಾಯುಗದ ಈ ನೆಲೆಯನ್ನು ಬಿ. ಸುಬ್ಬರಾವ್ 1940ರ ದಶಕದಲ್ಲಿ ಅಗೆದರು. ಮುಂದೆ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮತ್ತವರ ಜೊತೆಗಾರರು ಅಗೆದ ಮಣ್ಣನ್ನು ನೀರಿಗೆ ಹಾಕಿ, ತೇಲಿ ಬಂದ ಕರಕಲು ಕಾಳುಗಳನ್ನು ಆರಿಸಿ ಗುರುತಿಸಿದರು. ಹುರುಳಿ, ಹೆಸರು, ಕೊರಲೆ: ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಬೆಟ್ಟಗಳ ಬುಡದಲ್ಲಿ ಬೆಳೆದದ್ದು ಇವನ್ನು. ಮೂರಕ್ಕೂ ಕಡಿಮೆ ನೀರು ಸಾಕು, ಮೂರೂ ಬೇಗ ಕೈಗೆ ಬರುವ ಬೆಳೆಗಳು. ವರ್ಷಕ್ಕೆ 500 ಮಿ.ಮೀ. ಆಸುಪಾಸಿನ ಮಳೆಯ ನೆಲದಲ್ಲಿ ಏನು ಬದುಕುತ್ತದೆ ಎಂಬ ಆಯ್ಕೆಯನ್ನು ಆ ಜನ ಆಗಲೇ ಮಾಡಿ ಮುಗಿಸಿದ್ದರು. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯುವವರು ಕಲ್ಲಿನ ಕೊಡಲಿಗಳ ಜೊತೆ ಈ ಕಾಳಿನ ಕತೆಯನ್ನೂ ಹೇಳಬೇಕು.

ಕನ್ನಡದಲ್ಲಿ ಗಿಡಮರಗಳ ಆರೈಕೆ ಪುಸ್ತಕದೊಳಗೆ ಬಂದದ್ದು 1025ರ ಸುಮಾರಿಗೆ, ‘ಲೋಕೋಪಕಾರ’ದಲ್ಲಿ. ಬರೆದವನು ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ. ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಬೇರೆ, ಇವನು ಬೇರೆ. ಅಂತರ್ಜಲ ಕಂಡುಹಿಡಿಯುವುದು, ವೃಕ್ಷಾಯುರ್ವೇದ, ಅಡುಗೆ, ಸುಗಂಧ, ವಾಸ್ತು, ದನಕರುಗಳ ಚಿಕಿತ್ಸೆ ಎಲ್ಲವೂ ಒಂದೇ ಕೃತಿಯಲ್ಲಿವೆ. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಆ ಜೋಡಣೆ. ಬಾವಿ ಎಲ್ಲಿ ತೋಡಬೇಕು, ಮರ ಹೇಗೆ ಬೆಳೆಸಬೇಕು, ಬೆಳೆದದ್ದನ್ನು ಹೇಗೆ ಅಡುಗೆ ಮಾಡಬೇಕು ಎಂಬುದು ಒಂದು ಮನೆಗೆ ಒಂದೇ ಕೆಲಸ ಎಂದು ಆತ ತಿಳಿದಿದ್ದ. ಅದೂ ಸಂಸ್ಕೃತದಲ್ಲಲ್ಲ, ಕನ್ನಡದಲ್ಲಿ ಬರೆದ. ಅದರಲ್ಲಿ ಹೇಳಿದ ಎಲ್ಲವೂ ಇಂದಿನ ಪರೀಕ್ಷೆಗೆ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಅದೇ ಚಾಲುಕ್ಯ ಮನೆತನದ ಮೂರನೇ ಸೋಮೇಶ್ವರ ಮುಂದಿನ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲೂ, 18ನೇ ಶತಮಾನದ ಆರಂಭದ ಕೆಳದಿ ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ದಲ್ಲೂ ತೋಟದ ವಿಚಾರ ಬರುತ್ತದೆ. ಆದರೆ ಅವು ಸಂಸ್ಕೃತದ ಕೃತಿಗಳು, ಅರಮನೆಯ ಉದ್ಯಾನದತ್ತ ಮುಖ ಮಾಡಿದವು.

1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ಅಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುವುದನ್ನು ಕಂಡು, ಈ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಬೇಕು ಎಂಬರ್ಥದ ಮಾತು ಬರೆದಿಟ್ಟ. ಅಂದರೆ ಈ ಬಿಸಿಲು ಸೀಮೆಯಲ್ಲಿ ಗುಲಾಬಿ ಬೆಳೆಸಬಲ್ಲ ಕೈಗಳಿದ್ದವು. ಆ ಕೈಗಳ ತಿಳಿವು ಯಾವ ಓಲೆಗೂ ಇಳಿದಂತೆ ಕಾಣುವುದಿಲ್ಲ. ಆಮೇಲೆ ಪೋರ್ಚುಗೀಸರ ಹಡಗುಗಳ ದಾರಿಯಲ್ಲಿ ಮೆಣಸಿನಕಾಯಿ, ಪರಂಗಿ, ಸೀಬೆ, ಶೇಂಗಾ ಬಂದವು. ಇಂದು ಸಿರುಗುಪ್ಪ, ಕುರುಗೋಡು ಕಾಲುವೆ ಬಯಲಿನಲ್ಲಿ ಕೆಂಪಗೆ ಒಣಗುವ ಮೆಣಸಿನಕಾಯಿ ವಿಜಯನಗರ ಕಟ್ಟಿದವರು ರುಚಿ ನೋಡದ ಬೆಳೆ. ಈ ವಲಸೆಯನ್ನು ಬಿ.ಜಿ.ಎಲ್. ಸ್ವಾಮಿ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ದಲ್ಲಿ ಹೇಳಿದಷ್ಟು ಸೊಗಸಾಗಿ ಬೇರೆ ಯಾರೂ ಹೇಳಿಲ್ಲ. ಅದು ಬೆಳೆಸುವ ಕೈಪಿಡಿಯಲ್ಲ, ನಿಜ. ಆದರೆ ಗಿಡದ ತವರು ಗೊತ್ತಾದರೆ ಅದಕ್ಕೆ ಎಂಥ ನೆಲ, ಎಷ್ಟು ನೀರು ಬೇಕೆಂಬುದು ಅರ್ಧ ಗೊತ್ತಾದಂತೆ.

ಇಂದಿನ ಅರ್ಥದ ತೋಟಗಾರಿಕೆ ಪುಸ್ತಕ ನಮ್ಮಲ್ಲಿ ಇಂಗ್ಲಿಷಿನ ಮೂಲಕ ಬಂತು. 1860ರ ದಶಕದಲ್ಲಿ ಕಲ್ಕತ್ತದಲ್ಲಿ ಹೊರಬಂದ ಫರ್ಮಿಂಜರ್ ಪಾದ್ರಿಯ ಕೈಪಿಡಿ ಬಂಗಾಳ ಮತ್ತು ಉತ್ತರ ಭಾರತದ ಬಂಗಲೆಗಳಿಗಾಗಿ ಬರೆದದ್ದು. ಇತ್ತ ಬೆಂಗಳೂರಿನಲ್ಲಿ ಹೈದರಾಲಿ 1760ರಲ್ಲಿ ತೊಡಗಿದ ಲಾಲ್‌ಬಾಗ್ 1856ರಿಂದ ಸರ್ಕಾರಿ ಸಸ್ಯೋದ್ಯಾನವಾಯಿತು. ಜಾನ್ ಕ್ಯಾಮರೂನ್, ಆಮೇಲೆ ಜಿ.ಎಚ್. ಕ್ರುಂಬಿಗಲ್ ಅದನ್ನು ಬೆಳೆಸಿದರು. ಸೀಮೆಬದನೆ ನಮ್ಮ ಅಡುಗೆಮನೆಗೆ ಬಂದದ್ದು ಕ್ಯಾಮರೂನರ ಕಾಲದಲ್ಲಿ. 1912ರಲ್ಲಿ ಮೈಸೂರು ಉದ್ಯಾನಕಲಾ ಸಂಘ ಹುಟ್ಟಿತು, ಫಲಪುಷ್ಪ ಪ್ರದರ್ಶನಗಳು ಮನೆತೋಟದವರಿಗೂ ಹುಮ್ಮಸ್ಸು ತಂದವು. ಈ ವಾತಾವರಣದಲ್ಲೇ ಬೆಂಗಳೂರಿನ ಕೆ.ಎಸ್. ಗೋಪಾಲಸ್ವಾಮಿ ಅಯ್ಯಂಗಾರ್ 1935ರಲ್ಲಿ ‘ಕಂಪ್ಲೀಟ್ ಗಾರ್ಡನಿಂಗ್ ಇನ್ ಇಂಡಿಯಾ’ ಎಂಬ ದೊಡ್ಡ ಗ್ರಂಥ ತಂದರು. ಮತ್ತೆ ಮತ್ತೆ ಅಚ್ಚಾದ ಆ ಪುಸ್ತಕವನ್ನು ತೋಟಗಾರಿಕೆ ಓದುವ ವಿದ್ಯಾರ್ಥಿಗಳೂ ಮನೆಯವರೂ ದಶಕಗಳ ಕಾಲ ಕೈಗೆತ್ತಿಕೊಂಡರು. ಕನ್ನಡ ನೆಲದಲ್ಲಿ ಹುಟ್ಟಿದ ಈ ಸಮಗ್ರ ಗ್ರಂಥದ ಭಾಷೆ ಕನ್ನಡವಾಗಿರಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಇನ್ನೊಂದು ಅಂತರ ನೆಲದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಬಳ್ಳಾರಿ ಅದರ ಅರ್ಧದಷ್ಟು ಎತ್ತರದಲ್ಲಿ. ಅಲ್ಲಿನ ಕೆಂಪು ಮಣ್ಣು ನೀರು ಬಸಿದು ಬಿಡುತ್ತದೆ. ಇಲ್ಲಿನ ಎರೆ ನೆಂದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ, ಬಿರಿಯುವಾಗ ಎಳೆಯ ಬೇರನ್ನು ಹರಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಡಳಿತವೂ ಬೇರೆಯಿತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು, ಲಾಲ್‌ಬಾಗಿನ ಗಾಳಿ ಇತ್ತ ಬೀಸಿದ್ದು ಕಡಿಮೆ. ಮದ್ರಾಸ್ ಸರ್ಕಾರ 1906ರಲ್ಲಿ ಹಗರಿಯಲ್ಲಿ ಕೃಷಿ ಕ್ಷೇತ್ರ ತೆರೆದದ್ದು ಜೋಳ, ಹತ್ತಿಯ ಹೊಲಗಳಿಗಾಗಿ, ಹಿತ್ತಲಿಗಾಗಿ ಅಲ್ಲ.

ಸ್ವಾತಂತ್ರ್ಯದ ನಂತರ ಸಂಸ್ಥೆಗಳು ಒಂದರ ಹಿಂದೊಂದು ಬಂದವು. 1954ರಲ್ಲಿ ಬಳ್ಳಾರಿಗೆ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಕೇಂದ್ರ, ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ 1963ರಲ್ಲಿ ಪ್ರತ್ಯೇಕ ತೋಟಗಾರಿಕೆ ಇಲಾಖೆ, 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, 1967ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, 2008ರಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ. ತುಂಗಭದ್ರೆಯ ಕಾಲುವೆ ಸಿರುಗುಪ್ಪ, ಕುರುಗೋಡನ್ನು ಭತ್ತದ ಬಯಲಾಗಿಸಿತು. ಜೊತೆಗೆ ಕೆಲವೆಡೆ ಸವಳನ್ನೂ ತಂದಿತು. ವಿಶ್ವವಿದ್ಯಾಲಯಗಳು ಕನ್ನಡದಲ್ಲಿ ತರುವ ಬೇಸಾಯ ಕೈಪಿಡಿಗಳು ನಿಜವಾಗಿ ಬೆಲೆಬಾಳುವಂಥವು. ಆದರೆ ಅವುಗಳ ಲೆಕ್ಕವೆಲ್ಲ ಎಕರೆ, ಹೆಕ್ಟೇರಿನದು. ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಎಂದು ಓದಿದ ಗೃಹಿಣಿ ತನ್ನ ಒಂದು ಚದರ ಮೀಟರ್ ಮಡಿಗೆ ಎಷ್ಟು ಸುರಿಯಬೇಕು? ಭಾಗಿಸಿದರೆ ಎರಡೂವರೆ ಕಿಲೋ, ಅಂದರೆ ಒಂದು ಸಣ್ಣ ಪುಟ್ಟಿ. ಈ ಭಾಗಾಕಾರವನ್ನು ಓದುವವರ ಪರವಾಗಿ ಯಾರಾದರೂ ಮಾಡಿಟ್ಟಿರಬೇಕು.

ಪತ್ರಿಕೆಗಳು ಈ ಕೊರತೆಯನ್ನು ತಮ್ಮ ಮಟ್ಟಿಗೆ ತುಂಬಿದವು. ದಿನಪತ್ರಿಕೆಗಳ ಕೃಷಿ ಪುಟ, ಆಕಾಶವಾಣಿಯ ಕೃಷಿರಂಗ, ವಾರಪತ್ರಿಕೆಯ ಕೈತೋಟದ ಅಂಕಣ ಮನೆಮನೆಗೆ ಹೋದವು. ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’, ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶ ಗಿಡಗಳ ಬಗ್ಗೆ ಕನ್ನಡದಲ್ಲಿ ಕರಾರುವಾಕ್ಕಾಗಿ ಬರೆಯಬಹುದೆಂದು ತೋರಿಸಿದವು. 1988ರಲ್ಲಿ ಪುತ್ತೂರಿನಲ್ಲಿ ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಬೆಳೆದವನೇ ಬರೆದರೆ ಮಾತಿಗೆ ಎಷ್ಟು ತೂಕ ಬರುತ್ತದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಕತ್ತರಿಸಿ ಇಟ್ಟ ಅಂಕಣ ಬೇಕಾದ ದಿನ ಸಿಗುವುದಿಲ್ಲ. 2011ರಿಂದ ಬೆಂಗಳೂರಿನಲ್ಲಿ ಬಿ.ಎನ್. ವಿಶ್ವನಾಥ್ ಮತ್ತು ಗೆಳೆಯರು ನಡೆಸಿದ ‘ಊಟ ಫ್ರಮ್ ಯುವರ್ ತೋಟ’ ತಾರಸಿ ತೋಟವನ್ನು ಚಳವಳಿಯಾಗಿಸಿತು. ಅದರ ಬೆನ್ನಿಗೆ ಮೊಬೈಲಿನ ವಿಡಿಯೊಗಳು ಬಂದವು. ಬೆಂಗಳೂರಿನ ತಾರಸಿಯಲ್ಲಿ ಮಾರ್ಚ್ ತಿಂಗಳಲ್ಲಿ ಟೊಮ್ಯಾಟೊ ನೆಟ್ಟವರ ವಿಡಿಯೊ ನೋಡಿ ಬಳ್ಳಾರಿಯ ತಾರಸಿಯಲ್ಲಿ ನೆಟ್ಟರೆ, ಹೂ ಬಿಡುವ ಹೊತ್ತಿಗೆ ಮೇ ತಿಂಗಳ ಬಿಸಿಲು. ಆ ಕಾವಿಗೆ ಹೂ ಕಾಯಾಗದೆ ಉದುರುತ್ತದೆ. ವಿಡಿಯೊ ಸುಳ್ಳಲ್ಲ, ಊರು ಬೇರೆ.

ಈ ಊರಿನ ಪ್ರಶ್ನೆಯನ್ನು ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಒಂದು ಪುಸ್ತಕ ಬಗೆಹರಿಸಿತ್ತು. 1954ರಲ್ಲಿ ಮೊದಲು ಬಂದ ‘ಸನ್‌ಸೆಟ್ ವೆಸ್ಟರ್ನ್ ಗಾರ್ಡನ್ ಬುಕ್’ ಮುಂದೆ ಆ ಸೀಮೆಯನ್ನೆಲ್ಲ 24 ಹವಾವಲಯಗಳಾಗಿ ಹಂಚಿ, ಪ್ರತಿ ಗಿಡದ ಹೆಸರಿನ ಮುಂದೆ ಅದು ಬದುಕುವ ವಲಯಗಳ ಸಂಖ್ಯೆ ಕೊಟ್ಟಿತು. ಓದುಗ ಮೊದಲು ತನ್ನ ಊರಿನ ಸಂಖ್ಯೆ ನೋಡಿಕೊಳ್ಳುತ್ತಾನೆ, ಆಮೇಲೆ ಗಿಡ ಹುಡುಕುತ್ತಾನೆ. ಕರ್ನಾಟಕಕ್ಕೂ 10 ಕೃಷಿ ಹವಾವಲಯಗಳ ನಕ್ಷೆ ಸಿದ್ಧವಿದೆ. ಬಳ್ಳಾರಿ, ಸಿರುಗುಪ್ಪ ಉತ್ತರದ ಒಣ ವಲಯದಲ್ಲಿವೆ, ಬೆಂಗಳೂರು ಪೂರ್ವದ ಒಣ ವಲಯದಲ್ಲಿ. ಹೊಲದ ಬೆಳೆಗಳಿಗೆ ಬಳಸುವ ಈ ನಕ್ಷೆಯನ್ನು ಮಲ್ಲಿಗೆಗೂ ನುಗ್ಗೆಗೂ ದಾಸವಾಳಕ್ಕೂ ಬಳಸಿದರೆ ಕನ್ನಡದ ಮನೆತೋಟದ ಪುಸ್ತಕಕ್ಕೆ ಬೆನ್ನೆಲುಬು ಸಿಕ್ಕಂತೆ.

ನಮ್ಮ ವಲಯದ ಪುಟಗಳಲ್ಲಿ ಏನಿರಬೇಕು? ಮೊದಲು ನೀರು. ಕಾಲುವೆಯ ನೀರು ಕುಡಿದ ಗಿಡದ ಬದುಕು ಬೇರೆ, ಸವಳು ಬೋರಿನ ನೀರು ಕುಡಿದ ಗಿಡದ್ದು ಬೇರೆ. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದರೆ ಮಳೆನೀರಿನಿಂದ ತೊಳೆದು ಬಸಿಯುವುದು ಹೇಗೆಂದು ಚಿತ್ರ ಸಮೇತ ಇರಬೇಕು. ಜಿಪ್ಸಂ ಎಲ್ಲ ಸವಳಿಗೂ ಮದ್ದಲ್ಲ, ಸೋಡಿಯಂ ಹೆಚ್ಚಿದ್ದರೆ ಮಾತ್ರ ಅದರಿಂದ ಫಲ. ಮಣ್ಣು ಪರೀಕ್ಷೆ ಮಾಡಿಸದೆ ಹಾಕಬಾರದು ಎಂದು ದಪ್ಪಕ್ಷರದಲ್ಲಿ ಬರಬೇಕು. ಕುಂಡಕ್ಕೆ ಬರಿ ಎರೆ ತುಂಬಿದರೆ ಒಣಗಿದಾಗ ಮಣ್ಣು ಅಂಚು ಬಿಟ್ಟು, ಹಾಕಿದ ನೀರೆಲ್ಲ ಪಕ್ಕದಿಂದಲೇ ಇಳಿದುಹೋಗುತ್ತದೆ. ಅದಕ್ಕೆ ಮಸಾರಿ, ಮರಳು, ಕಾಂಪೋಸ್ಟ್ ಬೆರೆಸುವ ಪ್ರಮಾಣ ಬುಟ್ಟಿಯ ಲೆಕ್ಕದಲ್ಲಿರಲಿ. ತಿಂಗಳುಗಳ ಪಕ್ಕದಲ್ಲೇ ಮೃಗಶಿರ, ಉತ್ತರೆ, ಹಸ್ತ ಮಳೆಗಳ ಹೆಸರೂ ಇರಲಿ, ಈ ಕಡೆಯ ಹಿರಿಯರು ಬಿತ್ತನೆ ನೆನಪಿಟ್ಟುಕೊಳ್ಳುವುದು ಹಾಗೆ.

ಬಳ್ಳಾರಿಯ ಅಂಜೂರಕ್ಕೆ ಒಂದು ಇಡೀ ಅಧ್ಯಾಯ ಕೊಟ್ಟರೂ ಹೆಚ್ಚಲ್ಲ. ಒಣ ಹವೆ ಅದಕ್ಕೆ ಒಗ್ಗುತ್ತದೆ, ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ, ಹದವಾಗಿ ಸವರಿದರೆ ಹೊಸ ರೆಂಬೆಯಲ್ಲಿ ಕಾಯಿ ಕಟ್ಟುತ್ತದೆ. ಹಣ್ಣು ಮರದಲ್ಲೇ ಮಾಗಬೇಕು, ಕಾಯಿ ಕಿತ್ತು ಇಟ್ಟರೆ ಸಿಹಿ ಏರುವುದಿಲ್ಲ. ಮಾಗಿದ ಹಣ್ಣು ಹೆಚ್ಚು ದಿನ ಇರುವುದಿಲ್ಲವಾದ್ದರಿಂದ ವ್ಯಾಪಾರಿಗೆ ಅದು ಕಷ್ಟದ ಹಣ್ಣು. ಹಿತ್ತಲಿದ್ದವರಿಗೆ ಅದೇ ಭಾಗ್ಯ, ಪೇಟೆಯಲ್ಲಿ ಸಿಗದ ರುಚಿ ಅವರಿಗೆ ಬೆಳಗಾಗೆದ್ದರೆ ಕೈಗೆಟುಕುತ್ತದೆ.

ಇಂಥ ಪುಸ್ತಕವನ್ನು ಒಬ್ಬರೇ ಕೂತು ಬರೆಯಲಾಗದು. ಮಣ್ಣಿನ ವಿವರ ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಿಗುತ್ತದೆ, ನೀರಿನ ವಿಷಯ ಬಳ್ಳಾರಿಯ ಸಂರಕ್ಷಣಾ ಕೇಂದ್ರಕ್ಕೆ ಗೊತ್ತು, ಅಚ್ಚು ಮತ್ತು ಪರಿಭಾಷೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ ಹತ್ತಿರದಲ್ಲೇ ಇದೆ. ಬೀಜದ ಅಧ್ಯಾಯ ಮಾತ್ರ ಇವರಾರ ಬಳಿಯೂ ಇಲ್ಲ. ಹೀರೆ, ಸೋರೆಯ ಬಲಿತ ಕಾಯನ್ನು ಜಂತೆಗೆ ತೂಗುಹಾಕಿ, ಅವರೆ ಕಾಳಿಗೆ ಬೂದಿ ಬೆರೆಸಿ ಮಡಕೆಯಲ್ಲಿಟ್ಟು, ಬಚ್ಚಲ ನೀರಿಗೆ ಬಾಳೆ, ನುಗ್ಗೆ ಬೆಳೆಸಿದ ಕುರುಗೋಡು, ಸಿರುಗುಪ್ಪ ಸೀಮೆಯ ಅವ್ವಂದಿರು ಅದನ್ನು ಹೇಳಬೇಕು, ಕೇಳಿ ಬರೆದುಕೊಳ್ಳುವವರು ಈಗಲೇ ಹೊರಡಬೇಕು. ಮಾಳಿಗೆ ಮನೆಗಳನ್ನು ಕೆಡವಿ ಆರ್‌ಸಿಸಿ ಮಾಡುತ್ತಿದ್ದಾರೆ, ತೂಗುಹಾಕಲು ಜಂತೆ ಇರುವ ಮನೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.