ಬೋರ್ ಘಾಟಿನ ‘ಖೇಕಡಾ’: ಒಂದು ಮಾಲಗಾಡಿ ಎಂಜಿನ್ನಿನ ಶೋಧ

ಪ್ರಯಾಣಿಕರ ಗಾಡಿಗೆ ಕಟ್ಟಿದ ಎಂಜಿನ್ನಿನ ಚಿತ್ರ ದೊರೆಯುವುದು ಸುಲಭ. ಮಾಲಗಾಡಿಯ ಎಂಜಿನ್ನಿನದು ದುರ್ಲಭ. 1930ರ ಜೂನ್ 1ರಂದು ಮುಂಬಯಿ-ಪುಣೆಗಳ ನಡುವೆ ಓಡಲಾರಂಭಿಸಿದ ಡೆಕ್ಕನ್ ಕ್ವೀನಿನ ಚಿತ್ರಗಳನ್ನು ಕೂಡಿಸಿದರೆ ಒಂದು ದಪ್ಪ ಗ್ರಂಥವಾದೀತು. ಅದೇ ಘಟ್ಟದಲ್ಲಿ, ಅದೇ ತಂತಿಯ ಕೆಳಗೆ, ಹಗಲಿರುಳು ಸರಕು ಎಳೆದ ಎಂಜಿನ್ನಿನ ಚಿತ್ರ ತೆಗೆಯಬೇಕೆಂದು ಎಷ್ಟು ಜನಕ್ಕೆ ತೋರಿದ್ದೀತು? ಸೊಲ್ಲಾಪುರದವರಾದ ನಮಗೂ ತೋರಿರಲಿಲ್ಲ. ಒಂದು ತಪ್ಪು ನಮ್ಮನ್ನು ಆ ಕಡೆಗೆ ತಿರುಗಿಸಿತು.

ಕೆಲವು ವರ್ಷಗಳ ಹಿಂದೆ ಶಾಲೆಯ ಮಕ್ಕಳಿಗಾಗಿ ನಾವು ಗಿರಣಿ ಮತ್ತು ರೈಲಿನ ಇತಿಹಾಸವನ್ನು ಕುರಿತು ಚಿಕ್ಕ ಪ್ರದರ್ಶನವೊಂದನ್ನು ಏರ್ಪಡಿಸಿದ್ದೆವು. ಅದರಲ್ಲಿ ‘ಬೋರ್ ಘಾಟಿನ ಎಂಜಿನ್ನು’ ಎಂದು ಬರೆದು ಒಂದು ಚಿತ್ರವನ್ನು ತೂಗುಹಾಕಿದ್ದೆವು. ನಡುವೆ ಚಾಲಕನ ಕೋಣೆ, ಎರಡೂ ಕಡೆ ಚಾಚಿದ ಉದ್ದನೆಯ ಮೂತಿ. ನೋಡಲು ಬಂದ ನಿವೃತ್ತ ಡ್ರೈವರರೊಬ್ಬರು ಬಹಳ ಹೊತ್ತು ಅದರೆದುರು ನಿಂತು, “ಇದು ನಮ್ಮ ಖೇಕಡಾ ಅಲ್ಲರೀ ಮಾಸ್ತರ. ಮುಂದ ಈ ಸಣ್ಣ ಗಾಲಿ ಎಲ್ಲಿಂದ ಬಂತು?” ಎಂದರು. ವಿಚಾರಿಸಿದಾಗ ಅವರ ಮಾತೇ ನಿಜವಾಯಿತು. ನಾವು ತೂಗುಹಾಕಿದ್ದು ಸ್ವಿಟ್ಜರ್ಲೆಂಡಿನ ಗೊಟ್ಹಾರ್ಡ್ ಮಾರ್ಗದ ‘ಮೊಸಳೆ’ ಎಂಜಿನ್ನನ್ನು. ಅದಕ್ಕೆ ಎರಡೂ ತುದಿಗಳಲ್ಲಿ ಒಂದೊಂದು ಜೊತೆ ಚಿಕ್ಕ ಗಾಲಿಗಳುಂಟು, ನಮ್ಮದಕ್ಕೆ ಇಲ್ಲ. ನಮ್ಮದರಲ್ಲಿ ಎರಡು ಅಡಿಗಟ್ಟುಗಳು, ಒಂದೊಂದರಲ್ಲಿ ಮೂರು ಮೂರು ಜೊತೆ ದೊಡ್ಡ ಗಾಲಿಗಳು, ಅಷ್ಟೇ. ಮಕ್ಕಳಿಗೆ ಪಾಠ ಹೇಳುವವರೇ ಹೀಗೆ ಎಡವಿದೆವಲ್ಲ ಎಂದು ನಾಚಿಕೆಯಾಯಿತು. ಸರಿಯಾದ ಚಿತ್ರವನ್ನು ಹುಡುಕತೊಡಗಿದುದು ಆಮೇಲೆ.

ವಾಚಕರು ಮೊದಲು ಆ ದಾರಿಯನ್ನು ನೆನೆಯಬೇಕು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿತು. ಆದರೆ ಮುಂಬಯಿಗೂ ನಮಗೂ ನಡುವೆ ಸಹ್ಯಾದ್ರಿ ಅಡ್ಡವಾಗಿತ್ತು. ಬೋರ್ ಘಾಟಿನ ಹಳಿ ತೆರೆದುದು 1863ರಲ್ಲಿ. ಅಲ್ಲಿ 37 ಅಡಿ ಮುಂದೆ ಹೋದರೆ ಒಂದು ಅಡಿ ಏರು. 1871ರಲ್ಲಿ ಹಳಿ ರಾಯಚೂರನ್ನು ತಲುಪಿ ಮದ್ರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿತು. 1877ರಲ್ಲಿ ನಮ್ಮೂರಿನ ಮೊದಲ ದೊಡ್ಡ ಬಟ್ಟೆಗಿರಣಿ ಹುಟ್ಟಿತು. ಜನ ಅದನ್ನು ಜುನೀ ಮಿಲ್ ಎಂದೇ ಕರೆದರು. ಮುಂಬಯಿ ಬಂದರಿನಿಂದ ಈ ಕಡೆಗೆ ರೈಲಿನಲ್ಲಿ ಬರುವ ಯಂತ್ರವಾಗಲಿ, ಇಲ್ಲಿಂದ ಬಂದರಿಗೆ ಹೋಗುವ ಅಂಡಿಗೆಯಾಗಲಿ ಆ ಏರನ್ನು ದಾಟಲೇಬೇಕು. ಉಗಿ ಎಂಜಿನ್ನುಗಳು ಆರು ದಶಕಕ್ಕೂ ಹೆಚ್ಚು ಕಾಲ ಅಲ್ಲಿ ಏದುಸಿರು ಬಿಟ್ಟವು.

ಭಾರತದ ಮೊದಲ ವಿದ್ಯುತ್ ಗಾಡಿ 1925ರ ಫೆಬ್ರವರಿ 3ರಂದು ಮುಂಬಯಿಯಿಂದ ಕುರ್ಲಾಕ್ಕೆ ಓಡಿತು. ಘಟ್ಟಕ್ಕೂ ತಂತಿ ಹಾಕಲು ಹೊರಟ ಕಂಪನಿ ಮಾಲಗಾಡಿಗಳಿಗೆಂದೇ 41 ಎಂಜಿನ್ನುಗಳನ್ನು ತರಿಸಿತು. ಮೊದಲ ಹತ್ತು 1928ರಿಂದ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಲ್ಲಿ ತಯಾರಾದುವು. ಉಳಿದವು ಇಂಗ್ಲೆಂಡಿನ ವಲ್ಕನ್ ಫೌಂಡ್ರಿಯಲ್ಲಿ. ವಿದ್ಯುತ್ ಸಾಮಗ್ರಿ ಮೆಟ್ರೊಪಾಲಿಟನ್-ವಿಕರ್ಸ್‌ನದು. ಮೋಟಾರಿನ ಬಲ ಹಲ್ಲುಗಾಲಿಗಳ ಮೂಲಕ ಒಂದು ಅಚ್ಚಿಗೆ ಇಳಿದು, ಅಲ್ಲಿಂದ ಪಕ್ಕದ ಉಕ್ಕಿನ ಸರಳುಗಳ ಮೂಲಕ ಗಾಲಿಗಳಿಗೆ ಹೋಗುತ್ತಿತ್ತು. ತಿರುವು ಬಂದಾಗ ಎರಡು ಅಡಿಗಟ್ಟುಗಳೂ ಬೇರೆಬೇರೆಯಾಗಿ ಹೊರಳುತ್ತಿದ್ದುವು. ಹೊರಗೆ ಸರಳುಗಳು ಕಾಲಿನಂತೆ ಆಡುತ್ತಿದ್ದುವು. ಮರಾಠಿಯವರು ಇದಕ್ಕೆ ‘ಖೇಕಡಾ’, ಎಂದರೆ ಏಡಿ, ಎಂದರು. ಸ್ವಿಸ್ಸರ ಮೊಸಳೆಗಿಂತ ಈ ಹೆಸರೇ ನಮಗೆ ಹೆಚ್ಚು ಒಪ್ಪುತ್ತದೆ. ಇಳಿಜಾರಿನಲ್ಲಿ ಇದರ ಮೋಟಾರುಗಳೇ ವಿದ್ಯುತ್ತನ್ನು ಹುಟ್ಟಿಸಿ, ಗಾಡಿಯ ವೇಗವನ್ನು ತಡೆದು, ಆ ವಿದ್ಯುತ್ತನ್ನು ತಂತಿಗೆ ಮರಳಿಸುತ್ತಿದ್ದುವು.

ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಖೇಕಡಾ ಸೊಲ್ಲಾಪುರಕ್ಕೆ ಎಂದೂ ಬರಲಿಲ್ಲ. ವಿದ್ಯುತ್ ತಂತಿ ಪುಣೆಗೆ ನಿಂತಿತ್ತು. ಅಲ್ಲಿ ಎಂಜಿನ್ನು ಬದಲಾಗಿ ಉಗಿಯದು ನಮ್ಮ ಕಡೆ ಹೊರಡುತ್ತಿತ್ತು. ಹೀಗಾಗಿ ಅದು ಎಳೆದ ಮಾಲು ನಮ್ಮ ಅಂಗಳಕ್ಕೆ ಬಂದಿತು, ಅದು ಮಾತ್ರ ನಮ್ಮ ಕಣ್ಣಿಗೆ ಬೀಳಲಿಲ್ಲ. ಅದನ್ನು ಬಲ್ಲವರೆಂದರೆ ಕಲ್ಯಾಣ, ಕರ್ಜತ್, ಲೋಣಾವಳಗಳಲ್ಲಿ ನೌಕರಿ ಮಾಡಿ ಮರಳಿದವರು. ಅವರ ಸಂಖ್ಯೆ ವರ್ಷವರ್ಷಕ್ಕೆ ಇಳಿಯುತ್ತಿದೆ.

ಹುಡುಕಾಟದಲ್ಲಿ ದೊಡ್ಡ ತೊಡಕು ಅಂಕಿಗಳದು. ಕಂಪನಿಯ ಕಾಲದಲ್ಲಿ ಈ ವರ್ಗಕ್ಕೆ ಇಎಫ್/1 ಎಂದು ಹೆಸರು, ಎಂಜಿನ್ನಿಗೆ ನಾಲ್ಕು ಅಂಕಿಯ ಸಂಖ್ಯೆ. ಸ್ವಾತಂತ್ರ್ಯಾನಂತರ ವರ್ಗದ ಹೆಸರು ಡಬ್ಲ್ಯೂಸಿಜಿ-1 ಆಯಿತು: ಡಬ್ಲ್ಯೂ ಎಂದರೆ ಅಗಲ ಹಳಿ, ಸಿ ಎಂದರೆ ಏಕಮುಖ ವಿದ್ಯುತ್ತು, ಜಿ ಎಂದರೆ ಗೂಡ್ಸ್. ಸಂಖ್ಯೆಗೂ ಐದು ಅಂಕಿ ಬಂದುವು. ಎರಡು ಹಳೆಯ ಚಿತ್ರಗಳಲ್ಲಿ ಎರಡು ಸಂಖ್ಯೆ ಕಂಡರೆ ಎಂಜಿನ್ನುಗಳೂ ಎರಡೇ ಎಂದು ತಿಳಿಯುವಂತಿಲ್ಲ. ತಯಾರಕರು ಜಡಿದ ಫಲಕವೊಂದೇ ಗಟ್ಟಿಯಾದ ಸಾಕ್ಷಿ, ಅದನ್ನು ಯಾರೂ ಕಿತ್ತುಕೊಂಡು ಹೋಗಿರದಿದ್ದರೆ. ಶಾಸನ ಓದಿ ಅಭ್ಯಾಸವಿರುವ ನಮ್ಮ ಮಿತ್ರರು ಈ ಕೆಲಸದ ರುಚಿಯನ್ನು ಬಲ್ಲರು.

1990ರ ದಶಕದ ಮೊದಲ ವರ್ಷಗಳಲ್ಲಿ ಇವು ಸೇವೆಯಿಂದ ಹೊರಬಿದ್ದುವು. ಇವು ನಡೆಯುತ್ತಿದ್ದುದು 1,500 ವೋಲ್ಟಿನ ಏಕಮುಖ ವಿದ್ಯುತ್ತಿನಿಂದ. ಈಗ ಆ ಘಟ್ಟದ ಮೇಲಿರುವುದು 25,000 ವೋಲ್ಟಿನ ಪರ್ಯಾಯ ವಿದ್ಯುತ್ತು. ಖೇಕಡಾ ತನ್ನ ಮನೆಯಲ್ಲಿಯೇ ಇನ್ನು ನಡೆಯಲಾರದು. ದೆಹಲಿಯ ಚಾಣಕ್ಯಪುರಿಯಲ್ಲಿ 1977ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಒಂದು ಉಳಿದಿದೆಯೆಂದು ತಿಳಿದು ರಜೆಯಲ್ಲಿ ಹೊರಟೆವು.

ನಡುಮಧ್ಯಾಹ್ನ ಹೋಗಿದ್ದೇ ನಮ್ಮ ತಪ್ಪು. ಬಿಸಿಲು ನೆತ್ತಿಯ ಮೇಲಿದ್ದು ಗಾಲಿಗಳೆಲ್ಲ ಕಪ್ಪು ನೆರಳಿನಲ್ಲಿ ಮುಳುಗಿದ್ದುವು. ನಮಗೆ ಬೇಕಾಗಿದ್ದುದು ಗಾಲಿಗಳೇ. ಸಂಜೆಯವರೆಗೆ ಕಾದು, ಬಿಸಿಲು ವಾಲಿದ ಮೇಲೆ ನೆಲಕ್ಕೆ ಮಂಡಿಯೂರಿ ಚಿತ್ರ ತೆಗೆದೆವು. ಎಣಿಸಿ ನೋಡಿದೆವು: ಒಂದು ಪಕ್ಕದಲ್ಲಿ ಮೂರು, ಮತ್ತೆ ಮೂರು. ಚಿಕ್ಕ ಗಾಲಿ ಇಲ್ಲ.

ಊರಿಗೆ ಮರಳಿ ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ಆ ಹಿರಿಯರ ಮನೆಗೆ ಒಯ್ದೆವು. ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದರು; ಸರಳುಗಳ ಮೇಲೆ ಬೆರಳಾಡಿಸಿದರು. “ಇದು ಖರೇ ಅದರೀ,” ಎಂದರು. ಆಮೇಲೆ ಎಲ್ಲ ಚಿತ್ರಗಳನ್ನೂ ತಿರುವಿಹಾಕಿ, “ಒಳಗಿಂದು ಎಲ್ಲಿ? ನಾವು ಕೂಡ್ರೋ ಜಾಗಾ?” ಎಂದು ಕೇಳಿದರು. ಕೋಣೆಗೆ ಬೀಗ ಹಾಕಿತ್ತು ಎಂದೆವು.

“ಹಂಗಾರ ಇನ್ನೊಮ್ಮೆ ಹೋಗಬೇಕಾಗ್ತದರೀ ಮಾಸ್ತರ,” ಎಂದರು.