ಸುಣ್ಣಕಟ್ಟು ರೋಗಕ್ಕೆ ಸುಣ್ಣವೇ ಮದ್ದು

ಪಿಯುಸಿ ಕೆಮಿಸ್ಟ್ರಿಯಲ್ಲಿ ಸೋಡಿಯಂ, ಪೊಟ್ಯಾಶಿಯಂ, ಕ್ಯಾಲ್ಸಿಯಂ ಸಂಯುಕ್ತಗಳ ‘ಉಪಯೋಗಗಳು’ ಅಂತ ಒಂದು ಪಟ್ಟಿ ಬರುತ್ತಿತ್ತಲ್ಲ, ಪರೀಕ್ಷೆಗೆ ಉರು ಹೊಡೆದು ಮರುದಿನ ಮರೆಯುವಂಥದ್ದು? ಗಾಜು, ಸೋಪು, ಸಿಮೆಂಟು... ಅದರಲ್ಲಿ ರೇಷ್ಮೆಯ ಹೆಸರು ಓದಿದ ನೆನಪು ನನಗಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹುಳು ಮನೆಗಳಲ್ಲಿ ಮಾತ್ರ ಆ ಪಟ್ಟಿಯ ಅರ್ಧ ಸಾಮಾನು ಸಿಗುತ್ತದೆ :)

ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಸೊಪ್ಪು ತಿನ್ನುವುದು ನಿಲ್ಲಿಸಿ ಅಲ್ಲಾಡದೆ ಕೂತಾಗ ರೈತರು ಅದಕ್ಕೆ ‘ಜ್ವರ’ ಅನ್ನುತ್ತಾರೆ. ಆಗ ಹುಳುಗಳ ಮೇಲೆ ಅರಳಿದ ಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸುತ್ತಾರೆ. ಉಳಿದ ಸೊಪ್ಪು ಒಣಗುತ್ತದೆ, ತೇವ ಇಳಿಯುತ್ತದೆ. ತೇವ ನಿಂತರೆ ಬರುವುದೇ ಸುಣ್ಣಕಟ್ಟು ರೋಗ. ಸತ್ತ ಹುಳು ಗಟ್ಟಿಯಾಗಿ, ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಅದು ಸುಣ್ಣವಲ್ಲ, ಶಿಲೀಂಧ್ರದ ಬೀಜಕಣ. ಒಮ್ಮೆ ಹರಡಿತೋ, ಸುಮಾರು ಒಂದು ತಿಂಗಳ ಸೊಪ್ಪು, ದುಡಿಮೆ, ಸಾಲ ಎಲ್ಲ ಹೋದಂತೆ.

ಈ ರೋಗಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ದೊಡ್ಡ ಜಾಗ ಇದೆ. 1835ರಲ್ಲಿ ಇಟಲಿಯ ಅಗೊಸ್ಟಿನೊ ಬಾಸ್ಸಿ ಇದು ಕಣ್ಣಿಗೆ ಕಾಣದ ಜೀವಿಯಿಂದ ಅಂಟುವ ರೋಗ ಎಂದು ತೋರಿಸಿದ. ಪಾಶ್ಚರ್‌ಗಿಂತ ಮೊದಲೇ! ಆ ಶಿಲೀಂಧ್ರಕ್ಕೆ ಇವತ್ತಿಗೂ ಬಾಸ್ಸಿಯ ಹೆಸರೇ.

ಪಾಶ್ಚರ್ 1865ರಲ್ಲಿ ಫ್ರಾನ್ಸಿನಲ್ಲಿ ಬೆನ್ನು ಹತ್ತಿದ್ದು ಇನ್ನೊಂದು ರೋಗವನ್ನು, ನಮ್ಮವರು ಗಂಟು ರೋಗ ಅನ್ನುವುದನ್ನು. ಇದು ತಾಯಿಯಿಂದ ಮೊಟ್ಟೆಗೇ ಬರುವುದರಿಂದ ಬರೀ ಸುಣ್ಣ ಉದುರಿಸಿದರೆ ಸಾಲದು. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ರೋಗ ಕಂಡರೆ ಆ ಮೊಟ್ಟೆ ಸುಡಬೇಕು. ಅರೆಯುವಾಗ ಹಾಕುವುದೇನು ಗೊತ್ತೇ? ಪೊಟ್ಯಾಶಿಯಂ ಕಾರ್ಬೊನೇಟಿನ ತೆಳು ದ್ರಾವಣ. ಮತ್ತೆ ಕ್ಷಾರವೇ!

ಟಿಪ್ಪು ಕಾಲದಿಂದ ಇಲ್ಲಿ ರೇಷ್ಮೆ ಇದ್ದರೂ ಇಂಥ ಶಾಸ್ತ್ರೀಯ ಕೆಲಸಕ್ಕೆ ಮೈಸೂರು ಸರ್ಕಾರ ಕೈ ಹಾಕಿದ್ದು 1910ರ ದಶಕದಲ್ಲಿ. ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯನ್ನು ಕರೆಸಿ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ಮಾಡಿತು. ಬೊಂಬೆಯ ಊರಿಗೆ ಈ ಕಥೆಯೂ ಇದೆ ಅಂತ ಎಷ್ಟು ಜನಕ್ಕೆ ಗೊತ್ತೋ!

ಹುಳು ಮನೆ ತೊಳೆಯುವ ಬ್ಲೀಚಿಂಗ್ ಪೌಡರ್ ಕೂಡ ಸುಣ್ಣದ ಮಗುವೇ. ಅರಳಿದ ಸುಣ್ಣಕ್ಕೆ ಕ್ಲೋರಿನ್ ಹಾಯಿಸಿ ಇದನ್ನು ಮಾಡುವ ವಿಧಾನಕ್ಕೆ ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ 1799ರಲ್ಲಿ ಪೇಟೆಂಟ್ ಪಡೆದ. ಈಗ ರೈತರಿಗೆ ಹೇಳುವ ಲೆಕ್ಕ: ಶೇ. 2 ಬ್ಲೀಚಿಂಗ್ ಪೌಡರ್, ಶೇ. 0.3 ಸುಣ್ಣ, ನೀರಲ್ಲಿ ಕಲಸಿ ಸಿಂಪಡಿಸುವುದು.

ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿ, ನೂಲಾದ ಮೇಲೂ ಕ್ಷಾರ ಬಿಡುವುದಿಲ್ಲ. ಕಚ್ಚಾ ರೇಷ್ಮೆಯ ತೂಕದಲ್ಲಿ ಐದನೇ ಒಂದರಿಂದ ನಾಲ್ಕನೇ ಒಂದು ಪಾಲು ಸೆರಿಸಿನ್ ಎಂಬ ಅಂಟು. ಸೋಪು, ವಾಷಿಂಗ್ ಸೋಡಾ ಹಾಕಿದ ಬಿಸಿನೀರಲ್ಲಿ ಕಾಯಿಸಿದರೆ ಅಂಟು ಬಿಟ್ಟು ಹೊಳಪು ಬರುತ್ತದೆ. ಆದರೆ ಸೋಡಾ ಹದದಲ್ಲಿರಬೇಕು. ಅದರ ಬದಲು ಗಟ್ಟಿ ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಅಂಟಿನ ಜೊತೆ ರೇಷ್ಮೆಯೂ ಕರಗಿ ಹೋಗುತ್ತದೆ. ಹತ್ತಿ ಕರಗುವುದಿಲ್ಲ. ಬಟ್ಟೆಯಲ್ಲಿ ಹತ್ತಿ ಬೆರೆಸಿದ್ದಾರಾ ಅಂತ ಲ್ಯಾಬಿನಲ್ಲಿ ಕಂಡುಹಿಡಿಯುವುದೂ ಹೀಗೆಯೇ.