ಹಾಡಿದವರೇ ಬರೆದಾಗ: ಪಾಪ್ ಗಾಯಕರ ಆತ್ಮಕಥೆಗಳ ಏಳು ದಶಕ

ಮೆಚ್ಚಿನ ಗಾಯಕರ ಬಗ್ಗೆ ಅಭಿಮಾನಿಗೆ ಗೊತ್ತಿಲ್ಲದ ಸಂಗತಿ ಕಡಿಮೆ. ಹುಟ್ಟೂರು, ಮದುವೆ, ಜಗಳ, ಗೆದ್ದ ಹಾಡು, ಸೋತ ಆಲ್ಬಂ ಎಲ್ಲವೂ ಪತ್ರಿಕೆ, ಟಿವಿಗಳಲ್ಲಿ ಎಷ್ಟೋ ಸಲ ಬಂದು ಹೋಗಿರುತ್ತವೆ. ಹಾಗಿದ್ದೂ ಹಿರಿಯ ಪಾಪ್ ಗಾಯಕರೊಬ್ಬರ ಆತ್ಮಕಥೆ ಹೊರಬಂದರೆ ಮೊದಲು ಕೊಳ್ಳುವವರು ಇದೇ ಅಭಿಮಾನಿಗಳು. ಸುದ್ದಿಯನ್ನು ಯಾರಾದರೂ ಕೊಡಬಹುದು. ಅನುಭವಿಸಿದವರ ಬಾಯಿಂದ ಕೇಳುವ ಮಾತೇ ಬೇರೆ. ತಮ್ಮ ಕಥೆಯನ್ನು ತಾವೇ ಹೇಳುವ ಹಕ್ಕನ್ನು ಗಾಯಕರು ಮೆಲ್ಲಮೆಲ್ಲನೆ ತಮ್ಮ ಕೈಗೆ ತೆಗೆದುಕೊಂಡದ್ದೇ ಈ ಪ್ರಕಾರ ಬೆಳೆದುಬಂದ ಬಗೆ.

ಇದರ ಮಾದರಿ ಸಿದ್ಧವಾದದ್ದು ಜಾಝ್ ಲೋಕದಲ್ಲಿ. ಬಿಲ್ಲಿ ಹಾಲಿಡೇ ಅವರ ‘ಲೇಡಿ ಸಿಂಗ್ಸ್ ದ ಬ್ಲೂಸ್’ 1956ರಲ್ಲಿ ಪ್ರಕಟವಾಯಿತು. ಹಾಲಿಡೇ ಹೇಳಿದ್ದನ್ನೂ ಅವರ ಹಳೆಯ ಸಂದರ್ಶನಗಳನ್ನೂ ಸೇರಿಸಿ ಬರಹಕ್ಕಿಳಿಸಿದವರು ಪತ್ರಕರ್ತ ವಿಲಿಯಂ ಡಫ್ಟಿ. ಬಡತನ, ವರ್ಣಭೇದ, ಮಾದಕವಸ್ತು, ಜೈಲು ಯಾವುದನ್ನೂ ಪುಸ್ತಕ ಮುಚ್ಚಿಡಲಿಲ್ಲ. ತಂದೆ ತಾಯಿಯರ ವಯಸ್ಸಿನಂಥ ವಿವರಗಳು ದಾಖಲೆಗಳಿಗೆ ಹೊಂದುವುದಿಲ್ಲವೆಂದು ಸಂಶೋಧಕರು ಆಮೇಲೆ ತೋರಿಸಿಕೊಟ್ಟರು. ಅದರಿಂದ ಪುಸ್ತಕದ ಬೆಲೆಯೇನೂ ಇಳಿಯಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಅವರು ಹಾಡಿದಾಗ, ಹಾಡುಗಳ ನಡುನಡುವೆ ಪುಸ್ತಕದ ಭಾಗಗಳನ್ನು ವೇದಿಕೆಯ ಮೇಲೆ ಓದಲಾಯಿತು. ಬದುಕನ್ನು ಕೇಳಿಸಿಕೊಂಡ ಸಭೆ ಮುಂದಿನ ಹಾಡಿಗೆ ಕಿವಿಗೊಡುವ ರೀತಿಯೇ ಬೇರೆ. ಈ ಬಗೆಯ ಪುಸ್ತಕಗಳು ಅಭಿಮಾನಿಗೆ ಕೊಡುವುದೇನು ಎಂಬುದು ಆ ಸಂಜೆಯೇ ಗೊತ್ತಾಗಿತ್ತು.

ನಂತರದ ಎರಡು ದಶಕ ರಾಕ್ ತಾರೆಯರ ಕಥೆಗಳನ್ನು ಹೆಚ್ಚಾಗಿ ಪತ್ರಿಕೆಗಳೂ ಜೀವನಚರಿತ್ರೆಕಾರರೂ ಹೇಳಿದರು. ಗಾಯಕರಿಗೆ ಹಿಂದಿರುಗಿ ನೋಡುವ ವಯಸ್ಸು ಬಂದದ್ದು 1980ರ ದಶಕದಲ್ಲಿ. ಚಕ್ ಬೆರಿ 1987ರಲ್ಲಿ ತಮ್ಮ ಕಥೆಯನ್ನು ಬೇರೆಯವರ ಲೇಖನಿಯ ನೆರವಿಲ್ಲದೆ ಬರೆದರು. ಮರುವರ್ಷ ಬಂದ ಮೈಕಲ್ ಜಾಕ್ಸನ್ ಅವರ ‘ಮೂನ್‌ವಾಕ್’ಗೆ ಸಂಪಾದಕಿಯಾಗಿದ್ದವರು ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಪತ್ನಿಯಾಗಿದ್ದ ಜಾಕ್ವೆಲಿನ್ ಒನಾಸಿಸ್.

ಆ ದಶಕದಲ್ಲಿ ಎಲ್ಲಕ್ಕಿಂತ ಆಳವಾಗಿ ತಟ್ಟಿದ ಪುಸ್ತಕ ಟೀನಾ ಟರ್ನರ್ ಅವರ ‘ಐ, ಟೀನಾ’ (1986). ಟೆನೆಸ್ಸಿಯ ಹತ್ತಿ ಬೆಳೆಯುವ ಸೀಮೆಯಲ್ಲಿ 1939ರಲ್ಲಿ ಹುಟ್ಟಿದ ಅನ್ನಾ ಮೇ ಬುಲಕ್‌ಗೆ ‘ಟೀನಾ ಟರ್ನರ್’ ಎಂಬ ಹೆಸರು ಕೊಟ್ಟವರು, ಮುಂದೆ ಗಂಡನೂ ಆದ ಐಕ್ ಟರ್ನರ್. ವರ್ಷಗಟ್ಟಲೆ ಹೊಡೆತ ತಿಂದ ಆಕೆ 1976ರ ಜುಲೈನಲ್ಲಿ ಡಲ್ಲಾಸ್‌ನ ಹೋಟೆಲೊಂದರಿಂದ ಹೊರಬಿದ್ದರು. ಐಕ್ ನಿದ್ದೆಹೋಗಿದ್ದರು. ಬಟ್ಟೆಯ ಮೇಲೆ ರಕ್ತದ ಕಲೆ, ಕೈಯಲ್ಲಿ 36 ಸೆಂಟ್ ಚಿಲ್ಲರೆ ಮತ್ತು ಪೆಟ್ರೋಲ್ ಬಂಕಿನ ಒಂದು ಕಾರ್ಡು. ವಾಹನಗಳು ಭರ್ರೆಂದು ಹಾಯುತ್ತಿದ್ದ ಹೆದ್ದಾರಿಯನ್ನು ದಾಟಿ ಎದುರಿನ ಹೋಟೆಲಿಗೆ ಹೋಗಿ ಆಶ್ರಯ ಕೇಳಿದರು. ಅಲ್ಲಿಯ ಮ್ಯಾನೇಜರ್ ಕೋಣೆ ಕೊಟ್ಟರು. 1978ರಲ್ಲಿ ವಿಚ್ಛೇದನ ಇತ್ಯರ್ಥವಾದಾಗ ಆಸ್ತಿ, ಹಣದ ಬಹುಪಾಲನ್ನು ಬಿಟ್ಟುಕೊಟ್ಟು, ವೇದಿಕೆಯ ಹೆಸರನ್ನು ಉಳಿಸಿಕೊಂಡರು.

ಸಾಲ ತೀರಿಸಲು ಹೋಟೆಲುಗಳಲ್ಲಿ ಹಾಡುತ್ತ ಬಂದ ಆಕೆ, 1984ರ ‘ಪ್ರೈವೇಟ್ ಡ್ಯಾನ್ಸರ್’ ಆಲ್ಬಂನಿಂದ 44ರ ವಯಸ್ಸಿನಲ್ಲಿ ಮತ್ತೆ ಜಗತ್ತನ್ನು ಗೆದ್ದರು. ಎರಡು ವರ್ಷದ ನಂತರ ಪತ್ರಕರ್ತ ಕರ್ಟ್ ಲೋಡರ್ ಜೊತೆಗೂಡಿ ಬರೆದ ಆತ್ಮಕಥೆ ಬಂತು. ರೇಡಿಯೋದಲ್ಲಿ ಗೆಲುವಿನ ದನಿಯಾಗಿ ಕೇಳುತ್ತಿದ್ದ ಹಾಡಿನ ಹಿಂದೆ ತೆತ್ತ ಬೆಲೆ ಎಷ್ಟೆಂಬುದು ಅಭಿಮಾನಿಗಳಿಗೆ ಮನದಟ್ಟಾಯಿತು. 1993ರಲ್ಲಿ ಅದು ಸಿನಿಮಾ ಆಯಿತು. 1999ರಲ್ಲಿ ಐಕ್ ಕೂಡ ತಮ್ಮ ವಾದವನ್ನು ಮುಂದಿಟ್ಟು ಪುಸ್ತಕ ತಂದರು. ಜನರ ಮನಸ್ಸಿನಲ್ಲಿ ನಿಂತದ್ದು ಟೀನಾ ಹೇಳಿದ ಕಥೆಯೇ.

ಅದೇ ಟೀನಾ 2018ರಲ್ಲಿ ‘ಮೈ ಲವ್ ಸ್ಟೋರಿ’ ಎಂಬ ಎರಡನೆಯ ಆತ್ಮಕಥೆ ತಂದರು. ಅದು ತೆರೆದುಕೊಳ್ಳುವುದು 2013ರಲ್ಲಿ ಅರ್ವಿನ್ ಬಾಖ್ ಅವರೊಂದಿಗೆ ಸ್ವಿಟ್ಜರ್ಲೆಂಡಿನಲ್ಲಿ ನಡೆದ ಮದುವೆಯಿಂದ. ಪಾರ್ಶ್ವವಾಯು, ಕ್ಯಾನ್ಸರ್, ಕಡೆಗೆ 2017ರಲ್ಲಿ ಪತಿಯೇ ಕೊಟ್ಟ ಮೂತ್ರಪಿಂಡ ಇವೆಲ್ಲ ಅದರಲ್ಲಿವೆ. ಮೊದಲ ಪುಸ್ತಕ ತಪ್ಪಿಸಿಕೊಂಡವಳ ಸಾಕ್ಷ್ಯವಾದರೆ ಎರಡನೆಯದು ಬಾಳಿ ದಡ ಸೇರಿದವಳ ಮಾತು. ಮಧ್ಯವಯಸ್ಸಿನಲ್ಲಿ ಹೇಳಿದ ಬದುಕು ಎಂಬತ್ತರ ಹತ್ತಿರ ಬಂದಾಗ ಬೇರೆ ಅರ್ಥ ಪಡೆಯುತ್ತದೆ. ಹಿರಿಯರ ಆತ್ಮಕಥೆಗೆ ತೂಕ ಬರುವುದು ಇದರಿಂದಲೇ. ಮೊದಲ ಪುಸ್ತಕ ಓದಿದ್ದ ಅಭಿಮಾನಿಗಳೂ ಈ ಹೊತ್ತಿಗೆ ಆಕೆಯೊಂದಿಗೇ ಮಾಗಿದ್ದರು.

ಹೊಸ ಶತಮಾನ ಈ ಪುಸ್ತಕಗಳನ್ನು ಸಾಹಿತ್ಯದ ಸಾಲಿಗೆ ತಂದಿತು. ಬಾಬ್ ಡಿಲನ್ ‘ಕ್ರಾನಿಕಲ್ಸ್’ (2004) ಬರೆದಾಗ, ಓದುಗರು ನಿರೀಕ್ಷಿಸಿದ್ದ 1960ರ ದಶಕದ ನಡುಭಾಗದ ಖ್ಯಾತಿಯ ವರ್ಷಗಳನ್ನೇ ಬಹುಪಾಲು ಪಕ್ಕಕ್ಕಿಟ್ಟರು. ಬದಲಿಗೆ 1989ರ ‘ಓ ಮರ್ಸಿ’ ಆಲ್ಬಂ ನ್ಯೂ ಆರ್ಲಿಯನ್ಸ್‌ನಲ್ಲಿ ಸಿದ್ಧವಾದ ಬಗೆಯನ್ನು ಸಾವಕಾಶವಾಗಿ ವಿವರಿಸಿದರು: ಹೊಂದದ ತಾಳ, ಕೈಗೆ ಸಿಗದ ರಾಗ, ನಿರ್ಮಾಪಕ ಡೇನಿಯಲ್ ಲನ್ವಾ ಜೊತೆಗಿನ ಜಟಾಪಟಿ. ಬೇರೆ ಪುಸ್ತಕಗಳ ನುಡಿಗಟ್ಟುಗಳು ಅಲ್ಲಲ್ಲಿ ಸೇರಿರುವುದನ್ನು ಓದುಗರು ಪತ್ತೆಹಚ್ಚಿದರು. ಆದರೂ ಹಾಡು ಕಟ್ಟುವ ಕೆಲಸದ ಕಷ್ಟವನ್ನು ಇಷ್ಟು ಹತ್ತಿರದಿಂದ ತೋರಿಸಿದ ಆತ್ಮಕಥೆಗಳು ವಿರಳ. ಪ್ಯಾಟಿ ಸ್ಮಿತ್ ಅವರ ‘ಜಸ್ಟ್ ಕಿಡ್ಸ್’ 2010ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ಏಳು ವರ್ಷ ಕೂತು ಬರೆದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ‘ಬಾರ್ನ್ ಟು ರನ್’ನಲ್ಲಿ (2016) ತಂದೆಯ ಮೌನವನ್ನೂ ತಮ್ಮ ಖಿನ್ನತೆಯನ್ನೂ ಬಿಚ್ಚಿಟ್ಟರು. ಆಮೇಲೆ ಬ್ರಾಡ್‌ವೇಯಲ್ಲಿ, ಸಾವಿರ ಆಸನವೂ ಇಲ್ಲದ ರಂಗಮಂದಿರದಲ್ಲಿ, ಅದೇ ನೆನಪುಗಳನ್ನು ಮಾತು ಹಾಡುಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಸಿಕೊಟ್ಟರು. ಹಾಲಿಡೇ ಸಭೆಯಲ್ಲಿ ಬೇರೊಬ್ಬರು ಓದಿದ್ದರು. ಇಲ್ಲಿ ಗಾಯಕನೇ ನಿಂತು ಹೇಳಿದ.

ಭಾರತದ ನಂಟೂ ಇದಕ್ಕಿದೆ. ಲಖನೌದಲ್ಲಿ 1940ರಲ್ಲಿ ಹುಟ್ಟಿದ ಕ್ಲಿಫ್ ರಿಚರ್ಡ್ ‘ಮೈ ಲೈಫ್, ಮೈ ವೇ’ (2008), ‘ದ ಡ್ರೀಮರ್’ (2020) ಎಂಬ ಎರಡು ಆತ್ಮಕಥೆಗಳನ್ನು ತಂದಿದ್ದಾರೆ. ಗೋವೆಯ ರೆಮೊ ಫರ್ನಾಂಡಿಸ್ 2021ರಲ್ಲಿ ತಮ್ಮ ಕಥೆ ಪ್ರಕಟಿಸಿದರು. 1984ರ ‘ಗೋವನ್ ಕ್ರೇಜಿ’ ಆಲ್ಬಂ ಅನ್ನು ಮನೆಯಲ್ಲೇ ಧ್ವನಿಮುದ್ರಿಸಿಕೊಂಡು, ಕ್ಯಾಸೆಟ್ಟುಗಳನ್ನು ಸ್ಕೂಟರಿನಲ್ಲಿ ಹೊತ್ತು ಅಂಗಡಿಗಳಿಗೆ ಮುಟ್ಟಿಸಿದ ಗಾಯಕ ಅವರು.

ಆಡಿಯೋಬುಕ್ ಬಂದ ಮೇಲೆ ಆತ್ಮಕಥೆ ಓದುವುದರ ಜೊತೆಗೆ ಕೇಳುವುದೂ ಆಯಿತು. ಬಾರ್ಬ್ರಾ ಸ್ಟ್ರೈಸೆಂಡ್‌ಗೆ ಆತ್ಮಕಥೆ ಬರೆಯಿರೆಂದು ಅದೇ ಸಂಪಾದಕಿ ಒನಾಸಿಸ್ 1984ರಲ್ಲೇ ಹೇಳಿದ್ದರು. ಪುಸ್ತಕ ಬಂದದ್ದು 2023ರಲ್ಲಿ. 970 ಪುಟಗಳ ಅದನ್ನು ಅವರೇ ಓದಿದ್ದಾರೆ. ಪೂರ್ತಿ ಕೇಳಲು 48 ಗಂಟೆ ಬೇಕು. ಅರ್ಧ ಶತಮಾನಕ್ಕೂ ಮಿಕ್ಕಿ ಆ ಕಂಠದ ಹಾಡು ಕೇಳಿದವರಿಗೆ ಅದೇ ಕಂಠ ಎದುರು ಕೂತು ಮಾತನಾಡಿದಂತಾಗುತ್ತದೆ. ಅದೇ ವರ್ಷ ಬ್ರಿಟ್ನಿ ಸ್ಪಿಯರ್ಸ್, 2008ರಿಂದ 2021ರವರೆಗೆ ನ್ಯಾಯಾಲಯದ ಆದೇಶದಂತೆ ಪರರ ಸುಪರ್ದಿಯಲ್ಲಿದ್ದ ತಮ್ಮ ಬದುಕನ್ನು ತಾವೇ ಹೇಳಿಕೊಂಡರು. ಆಕೆಯ ಬಿಡುಗಡೆಗಾಗಿ ಬೀದಿಗಿಳಿದಿದ್ದ ಅಭಿಮಾನಿಗಳಿಗೆ ಆ ಪುಸ್ತಕ ಬಹುಕಾಲದಿಂದ ಕಾದಿದ್ದ ಉತ್ತರವಾಗಿತ್ತು.

ಈ ಪುಸ್ತಕಗಳಲ್ಲಿ ಉಬ್ಬರದ ಮಾತಿದೆ, ಮರೆಮಾಚಿದ್ದೂ ಇದೆ. ಆದರೆ ತಾನು ಕಲಿತ ಬಗೆ, ಸೋತ ಬಗೆ, ಯಾರಿಂದ ಏನು ಪಡೆದೆ ಎಂಬುದನ್ನು ಗಾಯಕರು ಬಿಡಿಸಿ ಹೇಳಿದ ಕಡೆಯೆಲ್ಲ ಪುಸ್ತಕ ಗೆದ್ದಿದೆ. ಬರೀ ಸನ್ಮಾನ, ಸಮಾರಂಭಗಳ ಪಟ್ಟಿ ಕೊಟ್ಟ ಕಡೆ ಸೊರಗಿದೆ. ತಡಮಾಡಿದರೆ ಆಗುವ ನಷ್ಟವೂ ಕಣ್ಣೆದುರಿಗಿದೆ: ಪ್ರಿನ್ಸ್ 2016ರಲ್ಲಿ ತೀರಿಕೊಂಡಾಗ ಅವರ ಆತ್ಮಕಥೆಯ ಕೆಲವೇ ಪುಟಗಳು ಕೈಬರಹದಲ್ಲಿದ್ದವು. ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’, ಗಂಗೂಬಾಯಿ ಹಾನಗಲ್ಲರ ‘ನನ್ನ ಬದುಕಿನ ಹಾಡು’ ಇರುವ ಕನ್ನಡದಲ್ಲಿ ಚಿತ್ರಗೀತೆ, ಸುಗಮ ಸಂಗೀತದ ಹಿರಿಯ ಕಂಠಗಳ ಕಥೆಯೂ ಅವರವರ ಮಾತಿನಲ್ಲೇ, ಅವರಿರುವಾಗಲೇ ದಾಖಲಾಗಬೇಕು. ಬರೆಯಲು ಆಗದವರ ಬಳಿ ಕೂತು ಕೇಳಿ ಬರೆದುಕೊಳ್ಳುವವರು ಬೇಕು. ಡಫ್ಟಿ 1956ರಲ್ಲಿ ಮಾಡಿದ್ದು ಅದನ್ನೇ.